ಎಸ್-100 ಪಾಸಿಟಿವ್ ಎಂದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರೇ? ಖಚಿತವಾಗಿ ಹೇಳುವ ಮಾರ್ಕರ್ ಯಾವುದು?

ನನ್ನ ಬೆನ್ನಿನ ಮಚ್ಚೆಯ ಬಯಾಪ್ಸಿ ವರದಿ ಬಂದಾಗ ನಾನೂ ಇದೇ ಪ್ರಶ್ನೆ ಹಿಡಿದು ಅಲೆದಿದ್ದೆ. ಮಾರ್ಕರ್ ಎಂದರೆ ಬಯಾಪ್ಸಿಯ ತುಣುಕಿನಲ್ಲಿ ನಿರ್ದಿಷ್ಟ ಪ್ರೋಟೀನ್ ಇರುವಲ್ಲಿ ಬಣ್ಣ ಹಿಡಿಸಿ ತೋರಿಸುವ ಪರೀಕ್ಷೆ. ಎಸ್-100 ಹಾಗೂ ಸಾಕ್ಸ್-10 ಎಂಬ ಮಾರ್ಕರ್‌ಗಳು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಾದ ಮೆಲನೊಸೈಟ್‌ಗಳನ್ನು ಗುರುತಿಸಲು ನೆರವಾಗುತ್ತವೆ, ಅಷ್ಟೇ. ನಿರಪಾಯಕಾರಿ ಮಚ್ಚೆಯಲ್ಲೂ ಅವು ಪಾಸಿಟಿವ್ ಇರುತ್ತವೆ. ಆ ಪದಕ್ಕೆ ಹೆದರಬೇಡಿ.

ನನಗೆ ದುಬಾರಿಯಾದದ್ದು ಅದಕ್ಕೂ ಮೊದಲಿನ ನಿರ್ಧಾರ. ಹೊಲಿಗೆಯ ಕಲೆ ಉಳಿಯಬಾರದೆಂದು, ಮಚ್ಚೆಯ ಮೇಲ್ಭಾಗವನ್ನಷ್ಟೇ ಹೆರೆದು ತೆಗೆಯುವಂತೆ ವೈದ್ಯರನ್ನು ಒತ್ತಾಯಿಸಿದ್ದೆ. ಸಾಧಾರಣ ಮಚ್ಚೆಯಲ್ಲಿ ಜೀವಕೋಶಗಳು ಆಳಕ್ಕಿಳಿದಂತೆ ಚಿಕ್ಕವಾಗುತ್ತವೆ. ಎಚ್‌ಎಂಬಿ-45 ಎಂಬ ಇನ್ನೊಂದು ಮಾರ್ಕರ್‌ನ ಬಣ್ಣ ಮೇಲೆ ಗಾಢವಾಗಿದ್ದು ಕೆಳಗೆ ಹೋದಂತೆ ಮಾಸುತ್ತದೆ. ಮೆಲನೋಮಾದಲ್ಲಿ ಸಾಮಾನ್ಯವಾಗಿ ಈ ಕ್ರಮ ತಪ್ಪಿ, ಆಳದಲ್ಲೂ ಅಲ್ಲಲ್ಲಿ ಬಣ್ಣ ಹಿಡಿದಿರುತ್ತದೆ. ವಿಭಜನೆಗೊಳ್ಳುತ್ತಿರುವ ಜೀವಕೋಶಗಳನ್ನು ತೋರಿಸುವ ಕೆಐ-67 ಸಹ ಆಳದಲ್ಲಿ ಹೆಚ್ಚು ಕಂಡರೆ ಅನುಮಾನ ಬಲವಾಗುತ್ತದೆ. ಹೀಗೆ ನೋಡಬೇಕಾದ ಭಾಗವೆಲ್ಲ ಕೆಳಗಿತ್ತು. ಆ ಕೆಳಭಾಗ ನನ್ನ ಬೆನ್ನಿನಲ್ಲೇ ಉಳಿದಿತ್ತು. ಮೆಲನೋಮಾ ಆಗಿದ್ದರೆ ಚಿಕಿತ್ಸೆಯನ್ನು ನಿರ್ಧರಿಸುವ ಬ್ರೆಸ್ಲೋ ದಪ್ಪವನ್ನೂ (ಗಡ್ಡೆ ಚರ್ಮದೊಳಗೆ ಎಷ್ಟು ಆಳಕ್ಕಿಳಿದಿದೆ ಎಂಬ ಅಳತೆ) ಸರಿಯಾಗಿ ಅಳೆಯಲಾಗುತ್ತಿರಲಿಲ್ಲ.

‘ನಿರ್ಣಯಿಸಲಾಗದು, ಪೂರ್ತಿ ತೆಗೆದು ಕಳುಹಿಸಿ’ ಎಂದು ವರದಿ ಬಂತು. ಅಷ್ಟರಲ್ಲಿ ಗಾಯ ಮಾಗಿ, ಉಳಿದಿದ್ದ ಜೀವಕೋಶಗಳು ಕಲೆಯ ಮೇಲೆ ಅಡ್ಡಾದಿಡ್ಡಿಯಾಗಿ ಬೆಳೆದಿದ್ದವು. ಹಾಗೆ ಮರಳಿ ಬೆಳೆದ ಮಚ್ಚೆ ಸೂಕ್ಷ್ಮದರ್ಶಕದಡಿ ಮೆಲನೋಮಾದಂತೆಯೇ ಕಾಣಬಲ್ಲದು ಎಂಬುದು ನನಗೆ ಆಗ ತಿಳಿಯಿತು. ಹಳೆಯ ಸ್ಲೈಡ್‌ಗಳನ್ನು ತರಿಸಿ, ಹೊಸದರ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಇದು ನಿರಪಾಯಕಾರಿ ಎಂದು ಪೆಥಾಲಜಿಸ್ಟ್ ಬರೆದುಕೊಟ್ಟರು. ತಪ್ಪಿಸಬೇಕೆಂದಿದ್ದ ಕಲೆ ಎರಡರಷ್ಟು ದೊಡ್ಡದಾಯಿತು; ನಡುವಿನ ನಿದ್ದೆಗೆಟ್ಟ ರಾತ್ರಿಗಳನ್ನು ಯಾರಿಗೂ ಬಯಸಲಾರೆ.

ಆದ್ದರಿಂದ ಖಚಿತವಾದ ಒಂದು ಮಾರ್ಕರ್ ಇದೆ ಎಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಈಗ ಹೆಚ್ಚು ಮಾತಿನಲ್ಲಿರುವುದು ಪ್ರೇಮ್ ಎಂಬ ಮಾರ್ಕರ್. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚರ್ಮದಲ್ಲೇ ಮೊದಲು ಹುಟ್ಟಿದ (ಪ್ರಾಥಮಿಕ) ಮೆಲನೋಮಾಗಳ ಪೈಕಿ ಸುಮಾರು ಶೇ. 83ರಲ್ಲಿ ಅದು ವ್ಯಾಪಕವಾಗಿ ಪಾಸಿಟಿವ್ ಆಗಿತ್ತು, ಸುಮಾರು ಶೇ. 86ರಷ್ಟು ಮಚ್ಚೆಗಳಲ್ಲಿ ಪೂರ್ತಿ ನೆಗೆಟಿವ್ ಆಗಿತ್ತು. ಉತ್ತಮ ಫಲಿತಾಂಶ ನಿಜ, ಆದರೆ ಉಳಿದವರಲ್ಲಿ ನೀವೂ ಇರಬಹುದು. ಡೆಸ್ಮೊಪ್ಲಾಸ್ಟಿಕ್ ಎಂಬ ಅಪರೂಪದ, ನಾರಿನಂಥ ಬಗೆಯ ಮೆಲನೋಮಾಗಳಲ್ಲಂತೂ ಹೆಚ್ಚಿನವು ಹಾಗೆ ವ್ಯಾಪಕವಾಗಿ ಬಣ್ಣ ಹಿಡಿಯುವುದಿಲ್ಲ.

ಮಚ್ಚೆಯನ್ನು ತಳದವರೆಗೆ ಪೂರ್ತಿ ತೆಗೆದಿದ್ದಾರೆಯೇ ಎಂದು ಮೊದಲು ವೈದ್ಯರನ್ನು ಕೇಳಿ. ವರದಿ ಅನುಮಾನದಲ್ಲೇ ನಿಂತಿದ್ದರೆ, ಸ್ಲೈಡ್‌ಗಳು, ಪ್ಯಾರಾಫಿನ್ ಬ್ಲಾಕ್ (ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು) ಮತ್ತು ತೆಗೆಯುವ ಮುಂಚಿನ ಮಚ್ಚೆಯ ಫೋಟೊ ಇವುಗಳನ್ನು ಚರ್ಮದ ಪೆಥಾಲಜಿಯಲ್ಲಿ ಪರಿಣತಿ ಇರುವವರಿಗೆ ತೋರಿಸಿ. ಅದಕ್ಕೂ ಮೊದಲು ಇನ್ನೊಂದು ಮಾರ್ಕರ್‌ಗೆ ಹಣ ಕಟ್ಟಬೇಡಿ.