ಪೋಸ್ಟರಿನ ಆರನೇ ಮುಖ ಯಾರದು?

ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ದಾವಣಗೆರೆಯ ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕೆಂಪು ಬಾವುಟದ ಎಲ್ಲ ಪಕ್ಷಗಳ ಕರಪತ್ರವೂ ಒಂದೇ ಟ್ರೆಡಲ್ ಮಷಿನ್ನಿನಲ್ಲಿ ಅಚ್ಚಾಗುತ್ತಿತ್ತು, ಅವರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಅಂತ. ಸುಮ್ನೆ ಬರೆದದ್ದು. ಅದಕ್ಕೆ ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಅವಕ್ಕೇ ಉತ್ತರ.

ಪ್ರಶ್ನೆ: ನಮ್ಮ ಹಾಸ್ಟೆಲ್ ಎದುರಿನ ಗೋಡೆಯ ಮೇಲೆ ಎರಡು ಪೋಸ್ಟರ್ ಇವೆ. ಎರಡರಲ್ಲೂ ಮಾರ್ಕ್ಸ್, ಎಂಗೆಲ್ಸ್, ಲೆನಿನ್, ಸ್ಟಾಲಿನ್, ಮಾವೋ ಇದ್ದಾರೆ. ಒಂದರಲ್ಲಿ ಮಾತ್ರ ಆರನೆಯವರೊಬ್ಬರು. ಐದು ಮುಖ ಒಂದೇ ಆದಮೇಲೆ ಪಕ್ಷ ಯಾಕೆ ಎರಡು?
– ವಿದ್ಯಾರ್ಥಿ, ಧಾರವಾಡ

ಉತ್ತರ: ಆರನೆಯವರು ಶಿಬದಾಸ್ ಘೋಷ್. 1948ರಲ್ಲಿ ಬಂಗಾಳದಲ್ಲಿ ಎಸ್‌ಯುಸಿಐ (ಸೋಷಲಿಸ್ಟ್ ಯೂನಿಟಿ ಸೆಂಟರ್ ಆಫ್ ಇಂಡಿಯಾ) ಪಕ್ಷ ಕಟ್ಟಿದವರು. ಕಾಲೇಜಿನ ಗೇಟಿನಲ್ಲಿ ಫೀಸ್ ಹೆಚ್ಚಳದ ವಿರುದ್ಧ ಸಹಿ ಕೇಳುವ ಎಐಡಿಎಸ್‌ಒ ಹುಡುಗ ಹುಡುಗಿಯರನ್ನು ನೀವು ನೋಡಿರುತ್ತೀರಿ, ಅವರು ಆ ಪಕ್ಷದ ವಿದ್ಯಾರ್ಥಿ ಸಂಘಟನೆಯವರು. ಇನ್ನೊಂದು ಪೋಸ್ಟರ್ ಯಾವುದಾದರೂ ಸಿಪಿಐ (ಎಂಎಲ್), ಅಂದರೆ ನಕ್ಸಲ್ ಚಳವಳಿಯಿಂದ ಹುಟ್ಟಿದ ಗುಂಪಿನದಿರಬೇಕು.

ಮುಖ ನೋಡಿ ಪಕ್ಷ ಗುರುತಿಸಲು ಹೋಗಬೇಡಿ. ಪೋಸ್ಟರ್ ಅಂಟಿಸುವವರು ಸಿಕ್ಕರೆ ಎರಡು ಪ್ರಶ್ನೆ ಕೇಳಿ. ಈ ದೇಶದಲ್ಲಿ ಅಧಿಕಾರ ಈಗ ಯಾರ ಕೈಯಲ್ಲಿದೆ? ಅದನ್ನು ಕಿತ್ತುಕೊಳ್ಳಲು ಯಾರನ್ನು ಜೊತೆಗೆ ಸೇರಿಸಿಕೊಳ್ಳುತ್ತೀರಿ?

ಎಂಎಲ್‌ನವರು 1969ರಲ್ಲಿ ಕೊಟ್ಟ ಉತ್ತರ ಹೀಗಿತ್ತು. ಭಾರತ ಅರೆ ಊಳಿಗಮಾನ್ಯ, ಅರೆ ವಸಾಹತು ದೇಶ. ಮೊದಲು ಜಮೀನ್ದಾರಿ ಹೋಗಬೇಕು. ರೈತನೇ ಮುಖ್ಯ ಶಕ್ತಿ. ವಿದೇಶಿ ಬಂಡವಾಳಕ್ಕೆ ಕೈಮುಗಿಯದ ದೇಶಿ ಬಂಡವಾಳಗಾರರೂ ಬೇಕಾದರೆ ಜೊತೆಗೆ ಬರಲಿ. ಸಮಾಜವಾದ ಆಮೇಲಿನ ಮಾತು. ಇದಕ್ಕೆ ನವ ಪ್ರಜಾಸತ್ತಾತ್ಮಕ ಕ್ರಾಂತಿ ಎನ್ನುತ್ತಾರೆ. ಚೀನಾದಲ್ಲಿ ಮಾವೋ ಹಾಕಿದ ಲೆಕ್ಕ ಅದು. ಘೋಷ್ ಅವರ ಲೆಕ್ಕವೇ ಬೇರೆ. 1947ರಲ್ಲೇ ಅಧಿಕಾರ ದೇಶಿ ಬಂಡವಾಳಗಾರರಿಗೆ ಸಿಕ್ಕಿಯಾಯಿತು, ಈಗ ಅವರೇ ಎದುರಾಳಿ, ಹಾಗಾಗಿ ನೇರ ಸಮಾಜವಾದಿ ಕ್ರಾಂತಿಯೇ ಆಗಬೇಕು.

ತಮಾಷೆ ನೋಡಿ, ಈ ಮಾತು ಸ್ಟಾಲಿನ್‌ನ ಕಡುವೈರಿ ಟ್ರಾಟ್‌ಸ್ಕಿಯ ಮಾತಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಎಸ್‌ಯುಸಿಐನವರ ಎದುರು ಹಾಗೆ ಹೇಳೀರಿ, ಜೋಕೆ! ನಾನು ಒಮ್ಮೆ ಪ್ರೂಫ್ ಕೊಡುವಾಗ ಹೇಳಿ ಒಂದು ಗಂಟೆ ಪಾಠ ಕೇಳಿದ್ದೇನೆ. ಪಾಠ ಸರಿಯಾಗೇ ಇತ್ತು ಅನ್ನಿ. ಬಂಡವಾಳಗಾರರು ಅಧಿಕಾರಕ್ಕೆ ಬಂದಾಗಿದೆ, ಆದ್ದರಿಂದ ಮುಂದಿನ ಮೆಟ್ಟಿಲು ಸಮಾಜವಾದ ಅಂತ ಘೋಷ್ ಹೇಳಿದರು. ಅವರು ಬಂದಿರಲಿ ಬಿಡಲಿ, ಜಮೀನು ಹಂಚುವ ಕೆಲಸ ಅವರ ಕೈಯಲ್ಲಿ ಆಗುವುದೇ ಇಲ್ಲ, ಕಾರ್ಮಿಕರೇ ಮಾಡಬೇಕು, ಮಾಡಿದಮೇಲೆ ಅಲ್ಲಿಗೇ ನಿಲ್ಲಲು ಬರುವುದಿಲ್ಲ ಅಂತ ಟ್ರಾಟ್‌ಸ್ಕಿ ಹೇಳಿದ.

ಪ್ರಶ್ನೆ: ಸಿಪಿಐ, ಸಿಪಿಐ (ಎಂ), ಸಿಪಿಐ (ಎಂಎಲ್). ಎಲ್ಲರೂ ಮಾರ್ಕ್ಸ್, ಲೆನಿನ್ ಹೆಸರು ಹೇಳುವವರೇ. ಮತ್ತೆ ಆ ಕಂಸ ಯಾಕೆ?
– ನಿವೃತ್ತ ಬ್ಯಾಂಕ್ ನೌಕರ, ಬಳ್ಳಾರಿ

ಉತ್ತರ: ಆ ಕಂಸನ ಕಾಟ ನನಗೆ ಗೊತ್ತು ಸ್ವಾಮಿ. ಕೇಸಿನಲ್ಲಿ ಕಂಸದ ಮೊಳೆ ಸಾಲದೆ ಪಕ್ಕದ ಪ್ರೆಸ್ಸಿನಿಂದ ಸಾಲ ತಂದದ್ದಿದೆ.

ಕಂಸದೊಳಗೆ ಬರೆದರೆ 'ಉಳಿದವರು ದಾರಿ ತಪ್ಪಿದ್ದಾರೆ, ಅಸಲಿ ನಾವು' ಎಂದು ಅರ್ಥ. 1956ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಟಾಲಿನ್‌ನ ತಪ್ಪುಗಳನ್ನು ಬಯಲಿಗೆ ಹಾಕಿದ. ಚೀನಾಕ್ಕೂ ಮಾಸ್ಕೋಗೂ ಜಗಳ ಹತ್ತಿತು. 1960ರ ದಶಕದಲ್ಲಿ ಎಷ್ಟೋ ದೇಶಗಳಲ್ಲಿ ಚೀನಾದ ಕಡೆ ವಾಲಿದವರು ಹೆಸರಿನ ಪಕ್ಕ ಮಾರ್ಕ್ಸ್‌ವಾದಿ-ಲೆನಿನ್‌ವಾದಿ ಎಂದು ಸೇರಿಸಿಕೊಂಡರು. ನಮ್ಮಲ್ಲಿ 1964ರಲ್ಲಿ ಸಿಪಿಐ ಒಡೆದು ಸಿಪಿಐ (ಎಂ), ಅಂದರೆ ಮಾರ್ಕ್ಸ್‌ವಾದಿ, ಆಯಿತು. ಅದು ಬರೀ ಚೀನಾ ಜಗಳವಲ್ಲ, ಕಾಂಗ್ರೆಸ್ ಜೊತೆ ಎಷ್ಟು ಹತ್ತಿರ ಹೋಗಬೇಕು ಎಂಬ ಜಗಳವೂ ಹೌದು. ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರ ದಂಗೆ ಆದಮೇಲೆ 1969ರ ಏಪ್ರಿಲ್ 22ರಂದು, ಲೆನಿನ್ ಹುಟ್ಟಿದ ದಿನ, ಸಿಪಿಐ (ಎಂಎಲ್) ಹುಟ್ಟಿತು. ಆಂಧ್ರದ ತರಿಮೆಲ ನಾಗಿರೆಡ್ಡಿ ಅವರ ಗುಂಪು ಮೊದಲೇ ಹೊರಗೆ. 1972ರಲ್ಲಿ ಪಕ್ಷದ ನಾಯಕ ಚಾರು ಮಜುಂದಾರ್ ಪೊಲೀಸರ ವಶದಲ್ಲಿ ತೀರಿಕೊಂಡಮೇಲೆ ಪಕ್ಷ ಚೂರು ಚೂರಾಯಿತು. ಒಂದು ಚೂರಾದ ಲಿಬರೇಶನ್ ಚುನಾವಣೆಗೆ ಬಂತು. ಇನ್ನೊಂದಾದ ಪೀಪಲ್ಸ್ ವಾರ್ 2004ರಲ್ಲಿ ಎಂಸಿಸಿ ಎಂಬ ಇನ್ನೊಂದು ನಕ್ಸಲ್ ಗುಂಪಿನ ಜೊತೆ ಸೇರಿ ಮಾವೋವಾದಿ ಪಕ್ಷ ಆಯಿತು. ಎಲ್ಲ ಚೂರುಗಳ ಹೆಸರು ಬರೆಯಲು ಹೊರಟರೆ ಸಂಪಾದಕರು ನನ್ನನ್ನೇ ಕಂಸದೊಳಗೆ ಹಾಕುತ್ತಾರೆ.

ಪ್ರಶ್ನೆ: ನಮ್ಮ ತೋಟದ ಹತ್ತಿರ ರಬ್ಬರ್ ಕಾಲೊನಿ ಇದೆ. ಅಲ್ಲಿನ ತಮಿಳು ಅಜ್ಜ ಶ್ರೀಲಂಕಾದ ಟೀ ತೋಟದಿಂದ ಬಂದವರು. 'ಸಮ ಸಮಾಜದವರು ಮೊದಲು ನಮ್ಮ ಪರ ಇದ್ದರು, ಆಮೇಲೆ ಇರಲಿಲ್ಲ' ಎನ್ನುತ್ತಾರೆ. ಅವರು ಟ್ರಾಟ್‌ಸ್ಕಿ ಪಕ್ಷದವರಂತೆ. ಹೌದಾ? ಯಾಕೆ ಕೈಬಿಟ್ಟರು?
– ಅಡಿಕೆ ಬೆಳೆಗಾರ, ಸುಳ್ಯ

ಉತ್ತರ: ಅಜ್ಜನ ಎರಡು ಸಾಲಿನಲ್ಲಿ ಮೂವತ್ತು ವರ್ಷದ ಚರಿತ್ರೆ ಇದೆ. ನಿಧಾನಕ್ಕೆ ಹೇಳುತ್ತೇನೆ.

ಲಂಕಾ ಸಮ ಸಮಾಜ ಪಕ್ಷ ಶುರುವಾದದ್ದು 1935ರ ಡಿಸೆಂಬರಿನಲ್ಲಿ. ವಿದೇಶದಲ್ಲಿ ಓದಿ ಬಂದ ಫಿಲಿಪ್ ಗುಣವರ್ಧನ, ಎನ್.ಎಂ. ಪೆರೇರ, ಕೊಲ್ವಿನ್ ಆರ್. ಡಿ ಸಿಲ್ವ, ಲೆಸ್ಲಿ ಗುಣವರ್ಧನ ಇವರೆಲ್ಲ ಕಟ್ಟಿದ್ದು. ಅದಕ್ಕೆ ಸ್ವಲ್ಪ ಮೊದಲು ಮಲೇರಿಯಾ ಹಬ್ಬಿ ಹಳ್ಳಿಗಳು ಬರಿದಾಗುತ್ತಿದ್ದಾಗ ಇವರು ಔಷಧ, ಅನ್ನ ಹೊತ್ತುಕೊಂಡು ಹೋಗಿದ್ದರು. ಜನ ಅದನ್ನು ಮರೆಯಲಿಲ್ಲ. 1936ರ ಚುನಾವಣೆಯಲ್ಲೇ ಇಬ್ಬರು ಗೆದ್ದರು. ಮಾರನೇ ವರ್ಷ ನಾವಲಪಿಟಿಯದ ತೋಟ ಕೂಲಿಗಳ ಸಭೆಗೆ ಮಾತಾಡಲು ಕರೆಸಿದ್ದು ಯಾರನ್ನು ಗೊತ್ತಾ? ನಿಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು. ಅದೇ ಸಭೆಯಲ್ಲಿ ಬ್ರೇಸ್‌ಗರ್ಡಲ್ ಎಂಬ ಬಿಳಿಯ ಯುವಕ, ತೋಟದ ಕೆಲಸ ಕಲಿಯಲು ಆಸ್ಟ್ರೇಲಿಯಾದಿಂದ ಬಂದವನು, ಕೂಲಿಗಳ ಪರ ಮಾತಾಡಿದ. ಗವರ್ನರ್ ಅವನನ್ನು ದೇಶ ಬಿಟ್ಟು ಓಡಿಸಲು ಹೊರಟರೆ ಸುಪ್ರೀಂ ಕೋರ್ಟ್ ತಡೆಯಿತು.

ಆಗ ಎಲ್ಲರೂ ಒಂದೇ ಪಕ್ಷದಲ್ಲಿದ್ದರು. 1939ರ ಆಗಸ್ಟಿನಲ್ಲಿ ಸ್ಟಾಲಿನ್ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡ. ಯುದ್ಧ ಶುರುವಾಯಿತು. ಮಾಸ್ಕೋ ಹೇಳಿದ್ದನ್ನೆಲ್ಲ ಒಪ್ಪಬೇಕಾ ಎಂಬ ಪ್ರಶ್ನೆ ಪಕ್ಷದೊಳಗೆ ಎದ್ದಿತು. ಹೆಚ್ಚಿನವರು ಒಪ್ಪಲಿಲ್ಲ. ಒಪ್ಪಿದವರನ್ನು ಹೊರಗೆ ಹಾಕಿದರು. ಅವರೇ 1943ರಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. ಬೇರೆ ಕಡೆ ದೊಡ್ಡ ಪಕ್ಷದಿಂದ ಟ್ರಾಟ್‌ಸ್ಕಿ ಕಡೆಯವರನ್ನು ಓಡಿಸುತ್ತಿದ್ದರೆ ಲಂಕೆಯಲ್ಲಿ ಉಲ್ಟಾ ಆಯಿತು. ಅಲ್ಲಿ ದೊಡ್ಡ ಮನೆ ಟ್ರಾಟ್‌ಸ್ಕಿವಾದಿಗಳದು.

ಬ್ರಿಟಿಷರು ನಾಯಕರನ್ನು ಹಿಡಿದು ಕ್ಯಾಂಡಿಯ ಜೈಲಿಗೆ ಹಾಕಿದರು. 1942ರ ಏಪ್ರಿಲಿನಲ್ಲಿ ಜಪಾನ್ ಕೊಲಂಬೊ ಮೇಲೆ ಬಾಂಬ್ ಹಾಕಿದ ಗಲಿಬಿಲಿಯಲ್ಲಿ ಇವರು ಕಾವಲುಗಾರನ ಸಹಾಯದಿಂದಲೇ ತಪ್ಪಿಸಿಕೊಂಡು, ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದರು. ಇಲ್ಲಿನವರ ಜೊತೆ ಸೇರಿ ಬೋಲ್ಶೆವಿಕ್ ಲೆನಿನಿಸ್ಟ್ ಪಾರ್ಟಿ ನಡೆಸಿದರು. ಸಿಪಿಐ 'ಇದು ಜನರ ಯುದ್ಧ' ಎಂದು ಬ್ರಿಟಿಷರ ಯುದ್ಧಕ್ಕೆ ಬೆಂಬಲ ಕೊಟ್ಟಾಗ ಇವರು ಕ್ವಿಟ್ ಇಂಡಿಯಾ ಚಳವಳಿಯ ಜೊತೆ ನಿಂತರು. ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ 1947ರ ದೊಡ್ಡ ಮುಷ್ಕರ ನಡೆಸಿದ ಆಂತೋಣಿ ಪಿಳ್ಳೈ ಇದೇ ಪಕ್ಷದವರು. 1948ರಲ್ಲಿ ಆ ಪಕ್ಷ ಸೋಷಲಿಸ್ಟರ ಜೊತೆ ಸೇರಿ ಕರಗಿತು. ಧಾರವಾಡದ ಗೋಡೆ ಮೇಲೆ ಟ್ರಾಟ್‌ಸ್ಕಿ ಮುಖ ಕಾಣದಿರಲು ಅದೂ ಒಂದು ಕಾರಣ.

ಈಗ ಅಜ್ಜನ ಮಾತಿಗೆ ಬರೋಣ. 1948ರಲ್ಲಿ ಲಂಕೆ ಸರ್ಕಾರ ಒಂದು ಪೌರತ್ವ ಕಾನೂನು ತಂತು. ಲಕ್ಷಾಂತರ ತೋಟ ಕೂಲಿಗಳಿಗೆ ದೇಶವೇ ಇಲ್ಲದ ಹಾಗಾಯಿತು, ಆಮೇಲೆ ಓಟೂ ಹೋಯಿತು. ಸಮ ಸಮಾಜದವರು ಗಟ್ಟಿಯಾಗಿ ವಿರೋಧಿಸಿದರು. 1953ರಲ್ಲಿ ಅಕ್ಕಿ ಬೆಲೆ 25 ಸೆಂಟಿನಿಂದ 70 ಸೆಂಟಿಗೆ ಏರಿದಾಗ ಇವರು ಕರೆ ಕೊಟ್ಟ ಹರತಾಳ ಎಂಥದ್ದಿತ್ತೆಂದರೆ, ಮಂತ್ರಿಗಳು ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆಗೆ ಹೋಗಿ ಸಭೆ ಮಾಡಿದರು! 1956ರಲ್ಲಿ ಸಿಂಹಳ ಮಾತ್ರ ಎಂಬ ಕಾನೂನು ಬಂದಾಗಲೂ ಬೇಡ ಎಂದವರು ಇವರೇ. ಒಂದು ಭಾಷೆ ಮಾಡಿದರೆ ಎರಡು ದೇಶ ಆಗುತ್ತದೆ ಎಂದು ಕೊಲ್ವಿನ್ ಆಗಲೇ ಎಚ್ಚರಿಸಿದ್ದರು.

ಬಂಡವಾಳಗಾರರ ಪಕ್ಷದ ಜೊತೆ ಸರ್ಕಾರ ಮಾಡಬಾರದು ಎಂಬುದು ಟ್ರಾಟ್‌ಸ್ಕಿವಾದಿಗಳಿಗೆ ದೇವರ ಮೇಲಿನ ಆಣೆ ಇದ್ದ ಹಾಗೆ. ಸ್ಟಾಲಿನ್ ಕಡೆಯವರ ಜೊತೆ ಅವರ ದೊಡ್ಡ ತಕರಾರೇ ಅದು. 1964ರ ಜೂನಿನಲ್ಲಿ ಸಮ ಸಮಾಜ ಪಕ್ಷ ಆ ಆಣೆ ಮುರಿಯಿತು. ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಅವರ ಸಂಪುಟ ಸೇರಿತು. ಎನ್.ಎಂ. ಪೆರೇರ ಹಣಕಾಸು ಮಂತ್ರಿ. ಟ್ರಾಟ್‌ಸ್ಕಿವಾದಿಗಳ ಜಾಗತಿಕ ಸಂಘಟನೆಯಾದ ನಾಲ್ಕನೇ ಇಂಟರ್‌ನ್ಯಾಷನಲ್ ಪಕ್ಷವನ್ನೇ ಹೊರಗೆ ಹಾಕಿತು. ಅದೇ ಅಕ್ಟೋಬರಿನಲ್ಲಿ ಸಿರಿಮಾವೋ, ಲಾಲ್ ಬಹಾದ್ದೂರ್ ಶಾಸ್ತ್ರಿ ಕೂತು ದೇಶವಿಲ್ಲದ ಆ ತೋಟ ಕೂಲಿಗಳನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿದರು. 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ, ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ. ದನದ ಸಂತೆಯಲ್ಲಿ ಲೆಕ್ಕ ಹಾಕಿದ ಹಾಗೆ. ಅಂಥ ಒಂದು ಗುಂಪೇ ನಿಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಕ್ಕೆ ಬಂದದ್ದು.

ಪಕ್ಷದಲ್ಲಿ ಕೆಲವರು ಇದನ್ನೆಲ್ಲ ಒಪ್ಪಲಿಲ್ಲ. ಎಡ್ಮಂಡ್ ಸಮರಕ್ಕೋಡಿ, ಬಾಲಾ ತಂಪೋ ಹೊರಬಂದು ಬೇರೆ ಪಕ್ಷ ಮಾಡಿದರು. ಅದೂ ಸಣ್ಣದು, ಅದೂ ಒಡೆಯಿತು. ಆದರೆ ಆ ಡಿಸೆಂಬರಿನಲ್ಲಿ ಸರ್ಕಾರ ಒಂದೇ ಓಟಿನಿಂದ ಬಿದ್ದಾಗ ಸಮರಕ್ಕೋಡಿ ಅವರ ಓಟು ಎದುರು ಬಿದ್ದಿತ್ತು.

ನನಗೆ ಜಾಸ್ತಿ ಕಸಿವಿಸಿ ತಂದದ್ದು ಕೊಲ್ವಿನ್ ಕಥೆ. 1970ರಲ್ಲಿ ಇವರೂ ಕಮ್ಯುನಿಸ್ಟರೂ ಒಂದೇ ಸಂಪುಟದಲ್ಲಿ ಕೂತರು. ಕೊಲ್ವಿನ್‌ಗೆ ಸಿಕ್ಕಿದ್ದು ಟೀ, ರಬ್ಬರ್‌ನಂಥ ತೋಟ ಉದ್ಯಮ ಮತ್ತು ಸಂವಿಧಾನದ ಖಾತೆ. ಅವರು ಬರೆಸಿದ 1972ರ ಸಂವಿಧಾನ ಸಿಂಹಳವನ್ನೇ ಅಧಿಕೃತ ಭಾಷೆ ಎಂದಿತು, ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. 1956ರಲ್ಲಿ ಎಚ್ಚರಿಸಿದ್ದೂ ಇದೇ ಮನುಷ್ಯ. 1977ರ ಚುನಾವಣೆಯಲ್ಲಿ ಪಕ್ಷಕ್ಕೆ ಒಂದೂ ಸೀಟು ಬರಲಿಲ್ಲ. 'ಯಾರ ಜೊತೆ ಸೇರಬೇಕು' ಎಂಬುದು ಕೂದಲು ಸೀಳುವ ಚರ್ಚೆ ಅಂತ ನಾನೂ ಮೊಳೆ ಜೋಡಿಸುತ್ತಾ ನಕ್ಕಿದ್ದೇನೆ. ಸುಳ್ಯದ ಆ ಅಜ್ಜನ ಎದುರು ನಗಲು ಆಗುವುದಿಲ್ಲ.

ಪ್ರಶ್ನೆ: ಹಾಗಾದರೆ ಶ್ರೀಲಂಕಾದ ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆ ಇದೇ ಸಮ ಸಮಾಜದವರಾ?
– ಗೃಹಿಣಿ, ಉಡುಪಿ

ಉತ್ತರ: ಅಲ್ಲಮ್ಮ. 2024ರ ಸೆಪ್ಟೆಂಬರಿನಲ್ಲಿ ಗೆದ್ದ ಅವರ ಜೆವಿಪಿ (ಜನತಾ ವಿಮುಕ್ತಿ ಪೆರಮುನ) ಇನ್ನೊಂದು ಕವಲು. ಲಂಕೆಯ ಕಮ್ಯುನಿಸ್ಟ್ ಪಕ್ಷವೂ ಮಾಸ್ಕೋ, ಪೀಕಿಂಗ್ ಅಂತ ಒಡೆಯಿತು. ಪೀಕಿಂಗ್ ಕಡೆಯ ನಾಯಕ ಎನ್. ಷಣ್ಮುಗದಾಸನ್. ಅವರ ಗುಂಪಿನಿಂದ ಹೊರಬಂದ ರೋಹಣ ವಿಜೆವೀರ ಕಟ್ಟಿದ್ದು ಜೆವಿಪಿ. 1971ರ ಏಪ್ರಿಲಿನಲ್ಲಿ ಅದರ ಹುಡುಗರು ಪೊಲೀಸ್ ಠಾಣೆಗಳ ಮೇಲೆ ಬಿದ್ದರು. ಅವರನ್ನು ಬಗ್ಗುಬಡಿದ ಸರ್ಕಾರದಲ್ಲಿ ಮಂತ್ರಿಗಳಾಗಿ ಕೂತಿದ್ದವರು ಸಮ ಸಮಾಜದವರು ಮತ್ತು ಕಮ್ಯುನಿಸ್ಟರು.

ಪ್ರಶ್ನೆ: ಇಷ್ಟೆಲ್ಲ ಪಕ್ಷಗಳಲ್ಲಿ ಪ್ರೆಸ್ಸಿನ ಬಿಲ್ಲು ಸರಿಯಾಗಿ ಕೊಟ್ಟವರು ಯಾರು?
– ಇನ್ನೊಬ್ಬ ಮಾಜಿ ಕಂಪೋಸಿಟರ್, ಗದಗ

ಉತ್ತರ: ನಿಮಗೆ ಗೊತ್ತಿಲ್ಲದ್ದೇನಲ್ಲ, ಕೆಣಕಲು ಕೇಳಿದ್ದೀರಿ. ಎಲ್ಲರೂ ಕೊಟ್ಟರು, ಕಂತಿನಲ್ಲಿ. ಚಂದಾ ಎತ್ತಿದ ಚಿಲ್ಲರೆಯಲ್ಲೇ ಎಣಿಸಿ ಕೊಡುತ್ತಿದ್ದರು. ಒಂದು ಗುಂಪು ಮಾತ್ರ ಅರ್ಧ ಬಿಲ್ಲು ಬಾಕಿ ಇರುವಾಗಲೇ ಎರಡಾಯಿತು. ಉಳಿದರ್ಧ ಇನ್ನೊಬ್ಬರ ಬಾಬ್ತು ಅಂತ ಇಬ್ಬರೂ ಹೇಳಿದರು.