ಐರ್ಲೆಂಡಿನ ಫೇರಿಗಳೂ ಅಲ್ಲಿನ ಹಳೆಯ ದೇವರುಗಳೂ ಒಂದೇನಾ? ಮನೆಯಲ್ಲಿ ಅವರಿಗೆ ಪೂಜೆ ಮಾಡಬಹುದಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಒಂದೇನಾ ಅಂದರೆ, ಮೂಲ ಬಹುಮಟ್ಟಿಗೆ ಒಂದೇ, ಆದರೆ ಅವರ ಜೊತೆ ನಡೆದುಕೊಳ್ಳುವ ರೀತಿ ಬೇರೆ. ಪೂಜೆ ಮಾಡಬಹುದಾ ಅಂದರೆ, ದೇವರುಗಳಿಗೆ ಧಾರಾಳವಾಗಿ ಮಾಡಿ, ಫೇರಿಗಳನ್ನು ಮನೆಗೆ ಕರೆಯಲು ಹೋಗಬೇಡಿ. ಇದು ನನ್ನ ಹೆದರಿಕೆಯಲ್ಲ, ಆ ಸಂಪ್ರದಾಯವೇ ಹೇಳುವ ಮಾತು.

ಮೊದಲು ರೆಕ್ಕೆಯನ್ನು ಮರೆತುಬಿಡಿ. ನಮ್ಮ ಮಕ್ಕಳ ಪುಸ್ತಕಗಳು ಫೇರಿಯನ್ನು ಕಿನ್ನರಿ ಮಾಡಿ ಕೈಗೊಂದು ಮಂತ್ರದ ಕೋಲು ಕೊಟ್ಟಿವೆ. ಐರಿಷ್ ಹೆಸರು 'ಈಸ್ ಶೀ', ಅಂದರೆ ದಿಬ್ಬದ ಜನ. 'ಶೀ' ಅಂದರೆ ಒಳಗೆ ಇನ್ನೊಂದು ಲೋಕವಿರುವ ದಿಬ್ಬ. ಸಾವಿನ ಮುನ್ಸೂಚನೆಯಾಗಿ ಅಳುವ ಬ್ಯಾನ್‌ಶೀ ಅನ್ನುವುದೂ ಅಷ್ಟೇ, 'ದಿಬ್ಬದ ಹೆಂಗಸು'. ಈ ಜನ ಆಳೆತ್ತರದವರು. ದನ ಸಾಕುತ್ತಾರೆ, ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟ ಆಡುತ್ತಾರೆ, ಮದುವೆ ಮಾಡುತ್ತಾರೆ, ತಮ್ಮತಮ್ಮಲ್ಲೇ ಯುದ್ಧವನ್ನೂ ಮಾಡುತ್ತಾರೆ.

ದೇವರುಗಳೊಂದಿಗೆ ಇವರ ನಂಟಿಗೆ ಪುರಾವೆ ಬಹಳ ಹಳೆಯದು. 7ನೇ ಶತಮಾನದಲ್ಲಿ ತೀರೆಖಾನ್ ಎಂಬ ಬಿಷಪ್, ಐರ್ಲೆಂಡಿನಲ್ಲಿ ಕ್ರೈಸ್ತಧರ್ಮ ಸಾರಿದ ಸಂತ ಪ್ಯಾಟ್ರಿಕ್ ಬಗ್ಗೆ ಬರೆದ. ಅದರಲ್ಲಿ ರಾಜನ ಇಬ್ಬರು ಹೆಣ್ಣುಮಕ್ಕಳು ಬೆಳಿಗ್ಗೆ ಬುಗ್ಗೆಯ ಹತ್ತಿರ ಬಂದಾಗ ಬಿಳಿ ಬಟ್ಟೆಯ ಪಾದ್ರಿಗಳು ಕೂತಿರುತ್ತಾರೆ. ಇವರು ದಿಬ್ಬದವರೋ, ಭೂಮಿಯ ದೇವರುಗಳೋ, ಬರೀ ಭ್ರಮೆಯೋ ಅಂತ ಅವರಿಗೆ ಗೊತ್ತಾಗುವುದಿಲ್ಲ. ದಿಬ್ಬದವರು, ದೇವರುಗಳು ಎರಡೂ ಒಂದೇ ಉಸಿರಿನಲ್ಲಿ ಬಂದಿರುವುದನ್ನು ಗಮನಿಸಿ. 11ನೇ ಶತಮಾನದಲ್ಲಿ ರೂಪುಗೊಂಡ 'ಲೆವರ್ ಗವಾಲ' ಎಂಬ ಗ್ರಂಥದಲ್ಲಿ ಸನ್ಯಾಸಿ ಲಿಪಿಕಾರರು ಈ ದೇವಕುಲವನ್ನು, ಅಂದರೆ ತೂಅಹ ದೇ ದನನ್‌ರನ್ನು, ಮಾಯಾವಿದ್ಯೆ ಬಲ್ಲ ಒಂದು ಜನಾಂಗವೆಂದು ತಿದ್ದಿ ಬರೆದರು. ಅವರು ಮನುಷ್ಯರಿಗೆ ಸೋತು ದಿಬ್ಬಗಳನ್ನು ಹಂಚಿಕೊಂಡ ಕಥೆ ಬೇರೆ ಗ್ರಂಥಗಳಲ್ಲಿ ಬರುತ್ತದೆ.

ಆ ಹಂಚಿಕೆಯ ಒಂದು ಕಥೆಯನ್ನು ಕನ್ನಡದಲ್ಲಿ ಹೇಳುವುದು ಸುಲಭ. ತಂದೆ ದಗ್ದ ದಿಬ್ಬಗಳನ್ನು ಹಂಚುವಾಗ ಮಗ ಏಂಗಸ್‌ಗೆ ಏನೂ ಉಳಿಯುವುದಿಲ್ಲ. ಅವನು ಬಂದು, ನಿನ್ನ ಮನೆಯಲ್ಲಿ 'ಹಗಲು ರಾತ್ರಿ' ಇರುತ್ತೇನೆ ಅಂತ ಕೇಳುತ್ತಾನೆ. ಒಂದು ದಿನಕ್ಕಷ್ಟೇ ಅಂದುಕೊಂಡು ಅಪ್ಪ ಒಪ್ಪುತ್ತಾನೆ. ಮಾರನೇ ದಿನ ಹೊರಡು ಅಂದರೆ, ಲೋಕವೆಲ್ಲ ಹಗಲು ರಾತ್ರಿಯೇ ಅಲ್ಲವೇ ಅಂತ ಮಗ ಅಲ್ಲೇ ನೆಲೆಸುತ್ತಾನೆ. ಹಳೆಯ ಐರಿಷ್‌ನಲ್ಲೂ ನಮ್ಮಂತೆಯೇ 'ಒಂದು' ಅನ್ನದೆ ಹೇಳಬಹುದು, ಮೋಸ ಅಲ್ಲೇ ಇರುವುದು. ಆ ಮನೆಯೇ ನ್ಯೂಗ್ರೇಂಜ್. ಸುಮಾರು ಕ್ರಿ.ಪೂ. 3200ರ ಸಮಾಧಿ ಅದು, ಡಿಸೆಂಬರ್ 21ರ ಆಸುಪಾಸಿನಲ್ಲಿ ಹುಟ್ಟುವ ಸೂರ್ಯನ ಕಿರಣ ಅದರ 19 ಮೀಟರ್ ಓಣಿ ದಾಟಿ ಒಳಕೋಣೆಗೆ ಬೀಳುತ್ತದೆ.

ಮಧ್ಯೆ ಒಂದು ಮಾತು. 'ದನನ್ ಅಂದರೆ ನಮ್ಮ ದಾನವರು' ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಋಗ್ವೇದದಲ್ಲಿ ವೃತ್ರನ ತಾಯಿ ದಾನು ಇದ್ದಾಳೆ, ನಿಜ. ಆದರೆ ಐರಿಷ್ ಕಡೆ 'ದನು' ಎಂಬ ರೂಪ ಹಳೆಯ ಗ್ರಂಥಗಳಲ್ಲಿ ಸಿಗುವುದಿಲ್ಲ. 'ದನನ್' ಎಂಬ ಷಷ್ಠಿ ರೂಪದಿಂದ ವಿದ್ವಾಂಸರು ಊಹಿಸಿಕೊಂಡದ್ದು ಅದು. ಊಹೆಯ ಮೇಲೆ ನೆಂಟಸ್ತನ ಬೇಡ.

ಈಗ ಹಳ್ಳಿಯ ಕಡೆ ಬನ್ನಿ. ಲಿಮರಿಕ್ ಕೌಂಟಿಯ ನಾಕೈನಿ ಗುಡ್ಡದ ಆನ್ಯ ಹಳೆಯ ಗ್ರಂಥಗಳಲ್ಲಿ ತೂಅಹ ದೇ ದನನ್ ಕುಲದವಳು, ಊರವರ ಬಾಯಲ್ಲಿ ಫೇರಿ ರಾಣಿ. ಅಲ್ಲಿನ ಮಧ್ಯ ಬೇಸಿಗೆಯ ಸಂತ ಜಾನ್ ಹಬ್ಬದ ಹಿಂದಿನ ರಾತ್ರಿ (ಜೂನ್ 23) ಹುಲ್ಲಿನ ಪಂಜು ಹಿಡಿದು ಗುಡ್ಡ ಸುತ್ತಿ, ಆಮೇಲೆ ಅದನ್ನು ಹೊಲದಲ್ಲಿ, ದನಗಳ ನಡುವೆ ಆಡಿಸುತ್ತಿದ್ದರು. ಇಂಥ ಗೌರವ ಕೆಲವರಿಗೆ ಮಾತ್ರ. ಉಳಿದಂತೆ ರೈತನ ಮನೆಯ ಆಚರಣೆಯೆಲ್ಲ ದೂರ ಇಡುವುದಕ್ಕೇ. ಹೆಸರೆತ್ತದೆ 'ಒಳ್ಳೆಯ ಜನ' ಅನ್ನುವುದು, ರಾತ್ರಿ ಕೊಳೆನೀರು ಚೆಲ್ಲುವ ಮುಂಚೆ ಕೂಗಿ ಹೇಳುವುದು, ಕಾಲು ತೊಳೆದ ನೀರನ್ನು ಮನೆಯೊಳಗೆ ಬಿಡದಿರುವುದು, ತೊಟ್ಟಿಲ ಮೇಲೆ ಕಬ್ಬಿಣದ ಇಕ್ಕಳ ಅಡ್ಡ ಇಡುವುದು, ಮೇ 1ರಂದು ಬೆಂಕಿಯನ್ನಾಗಲಿ ಹಾಲನ್ನಾಗಲಿ ಹೊರಗೆ ಕೊಡದಿರುವುದು. ಕೊಟ್ಟರೆ ವರ್ಷವಿಡೀ ಬೆಣ್ಣೆ ಬರದು ಅನ್ನುವ ಭಯ.

'ಫೇರಿ ಕೋಟೆ' ಅನ್ನುವ ವೃತ್ತಾಕಾರದ ಮಣ್ಣಿನ ದಿಣ್ಣೆಗಳು ನಿಜದಲ್ಲಿ ಬಹುಪಾಲು ಕ್ರಿ.ಶ. 500ರಿಂದ 1000ರ ನಡುವಿನ ರೈತರ ಮನೆಯಂಗಳಗಳು. ಸುಮಾರು 45,000 ಇವೆ. ಉಳಿದದ್ದಕ್ಕೆ ಈ ಭಯವೂ ಒಂದು ಕಾರಣ, ಯಾರೂ ನೇಗಿಲು ಹಾಕಲಿಲ್ಲ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್‌ನಲ್ಲಿ ಹೆದ್ದಾರಿಗೆ ಅಡ್ಡ ಬಂದ ಒಂಟಿ ಮುಳ್ಳುಮರಕ್ಕಾಗಿ ಕಥೆಗಾರ ಎಡ್ಡಿ ಲೆನಿಹನ್ ದನಿಯೆತ್ತಿದರು, ಮರ ಉಳಿಯಿತು. ಇದೇ ನಂಬಿಕೆಯ ಕರಾಳ ಮುಖವೂ ಇದೆ. 1895ರಲ್ಲಿ ಟಿಪ್ಪರೇರಿಯಲ್ಲಿ ಬ್ರಿಜೆಟ್ ಕ್ಲಿಯರಿಯನ್ನು, ಇವಳು ಫೇರಿಗಳು ಬಿಟ್ಟುಹೋದ ಬದಲಿ ಹೆಂಗಸು ಅಂತ ಹೇಳಿ, ಗಂಡನೇ ಸುಟ್ಟು ಕೊಂದ.

ಇಂದಿನ ಪೇಗನ್ ಪುಸ್ತಕ, ಅಂದರೆ ಕ್ರೈಸ್ತಪೂರ್ವ ದೇವರುಗಳ ಪೂಜೆಯನ್ನು ಮತ್ತೆ ಶುರುಮಾಡಿದವರ ಪುಸ್ತಕ, ಓದುವಾಗ ಎಡವುವುದು ಎರಡು ಕಡೆ. ಎಂಟು ಹಬ್ಬಗಳ 'ವರ್ಷಚಕ್ರ' 1950ರ ದಶಕದ ಬ್ರಿಟನ್ನಿನಲ್ಲಿ ಜೋಡಿಸಿದ್ದು. ಐರಿಷ್ ಗ್ರಂಥಗಳಲ್ಲಿ ಋತುಗಳ ಬಾಗಿಲು ನಾಲ್ಕೇ: ಇಂಬೋಲ್ಕ್, ಬ್ಯಾಲ್ತಿನೆ, ಲೂನಸ, ಸೌಇನ್ (ಕ್ರಮವಾಗಿ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ 1). 'ಕನ್ಯೆ, ತಾಯಿ, ಮುದುಕಿ' ಎಂಬ ತ್ರಿರೂಪ ದೇವಿಯನ್ನು ಜನಪ್ರಿಯ ಮಾಡಿದ್ದು 1948ರಲ್ಲಿ ರಾಬರ್ಟ್ ಗ್ರೇವ್ಸ್ ಎಂಬ ಇಂಗ್ಲಿಷ್ ಕವಿ. ಐರಿಷ್ ತ್ರಿಮೂರ್ತಿಯರು ಹಾಗಿಲ್ಲ. ಸುಮಾರು ಕ್ರಿ.ಶ. 900ರ ಕೊರ್ಮಾಕ್‌ನ ಪದಕೋಶದಲ್ಲಿ ಬ್ರಿಜಿಡ್ ಕವಿಗಳು ಪೂಜಿಸುವ ದೇವಿ. ಅವಳ ಇಬ್ಬರು ಅಕ್ಕತಂಗಿಯರ ಹೆಸರೂ ಬ್ರಿಜಿಡ್ಡೇ, ಒಬ್ಬಳು ವೈದ್ಯಳು, ಇನ್ನೊಬ್ಬಳು ಕಮ್ಮಾರಳು. ವಯಸ್ಸಿನ ಲೆಕ್ಕವಲ್ಲ, ಕಸುಬಿನ ಲೆಕ್ಕ.

ಮನೆಯಲ್ಲಿ ಶುರುಮಾಡುವುದಾದರೆ ಈ ಬ್ರಿಜಿಡ್‌ಳಿಂದಲೇ ಶುರುಮಾಡಿ. ದೇವಿಯಾಗಿಯೂ ಸಂತಳಾಗಿಯೂ ಇರುವುದರಿಂದ ಅವಳ ಆಚರಣೆ ಹಳ್ಳಿಮನೆಗಳಲ್ಲಿ ಕಡಿದಿಲ್ಲ. ಅವಳ ಹಬ್ಬದ ಹಿಂದಿನ ದಿನ, ಜನವರಿ 31ರ ಸಂಜೆ, 'ಬ್ರಿಜಿಡ್‌ಳ ಶಿಲುಬೆ' ಹೆಣೆಯಲು ಹನ್ನೆರಡು-ಹದಿನೈದು ಹಸಿ ಜೊಂಡು ತನ್ನಿ, ಅಲ್ಲಿ ಕೊಯ್ಯದೆ ಕೈಯಲ್ಲೇ ಕೀಳುತ್ತಾರೆ. ಒಂದನ್ನು ನೆಟ್ಟಗೆ ಹಿಡಿದು, ಎರಡನೆಯದನ್ನು ಮಡಚಿ ಅದರ ನಡುವಿಗೆ ಸಿಕ್ಕಿಸಿ, ತುದಿಗಳು ಬಲಕ್ಕಿರಲಿ. ಇಡೀ ಕಟ್ಟನ್ನು ಗಡಿಯಾರಕ್ಕೆ ಎದುರಾಗಿ ಕಾಲು ಸುತ್ತು ತಿರುಗಿಸಿದರೆ ಆ ತುದಿಗಳು ಮೇಲಾಗುತ್ತವೆ. ಮುಂದಿನದನ್ನು ಮಡಚಿ ಅವುಗಳ ಮೇಲಿಂದ ಹಾಕಿ, ಮತ್ತೆ ತುದಿ ಬಲಕ್ಕೆ. ಹೀಗೇ ಮುಂದುವರಿದು ನಾಲ್ಕು ತೋಳನ್ನೂ ಕಟ್ಟಿ ತುದಿ ಕತ್ತರಿಸಿ. ಒಮ್ಮೆ ಉಲ್ಟಾ ತಿರುಗಿಸಿದರೂ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ನಡುವೆ ಒತ್ತಿದ ಹೆಬ್ಬೆರಳು ತೆಗೆಯಬೇಡಿ. ಒಣಗಿದ ಜೊಂಡು ಮಡಚುವಾಗಲೇ ಮುರಿಯುತ್ತದೆ. ಆಮೇಲೆ ಅದನ್ನು ಬಾಗಿಲ ಮೇಲೆ ಸಿಕ್ಕಿಸಿ. ಅದೇ ರಾತ್ರಿ ಒಂದು ಬಟ್ಟೆಯನ್ನು ಹೊರಗಿಟ್ಟು ಬೆಳಿಗ್ಗೆ ಒಳಗೆ ತಂದರೆ ಅದು 'ಬ್ರತ್ ಬ್ರೀದ', ತಲೆನೋವಿಗೆ ಹಣೆಗೆ ಕಟ್ಟಿಕೊಳ್ಳುತ್ತಾರೆ.

ಐರ್ಲೆಂಡಿಗೆ ಹೋದರೆ ಪವಿತ್ರ ಬುಗ್ಗೆಯ ಪಕ್ಕದ ಮರಕ್ಕೆ ಬಟ್ಟೆ ಕಟ್ಟುವುದನ್ನು ಕಾಣುತ್ತೀರಿ. ರೋಗಿಯ ಬಟ್ಟೆಯ ತುಂಡು ಕೊಳೆತಂತೆ ರೋಗವೂ ಹೋಗಲಿ ಎಂಬುದು ಅದರ ಲೆಕ್ಕ. ಪಾಲಿಯೆಸ್ಟರ್ ರಿಬ್ಬನ್ ಕೊಳೆಯುವುದಿಲ್ಲ, ಬೆಳೆಯುವ ಕೊಂಬೆಯನ್ನು ಬಿಗಿದು ಒಣಗಿಸುತ್ತದೆ. ಕಟ್ಟುವುದಾದರೆ ಹತ್ತಿಯದನ್ನು, ಸಡಿಲವಾಗಿ ಕಟ್ಟಿ. ಪುರಾತನ ಸಮಾಧಿಗಳ ಒಳಗೆ ಮೇಣದಬತ್ತಿ ಹಚ್ಚಬೇಡಿ, ಐದು ಸಾವಿರ ವರ್ಷದ ಕೆತ್ತನೆಗೆ ಮಸಿ ಹಿಡಿಯುತ್ತದೆ.