ಕೆಂಗೇರಿ ಉಪನಗರದಲ್ಲಿ ಬಾಡಿಗೆ ಮನೆ: ಮೊದಲು ನೀರು ಕೇಳಿ

ನಮಸ್ಕಾರ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಆಫೀಸು ಎಂ.ಜಿ. ರಸ್ತೆಯಲ್ಲಿ, ಕೆಂಗೇರಿ ಉಪನಗರದಲ್ಲಿ ಮನೆ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿ. 2021ರಿಂದ ಮೆಟ್ರೊ ಇದೆ, ನೇರಳೆ ಮಾರ್ಗದಲ್ಲಿ ರೈಲು ಬದಲಿಸದೆ ಹೋಗಬಹುದು.

ಆದರೆ ನೀರಿನ ವಿಷಯ ಬಿಡಬೇಡಿ. ಕಾವೇರಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಸಂಪು ಎಷ್ಟು ದೊಡ್ಡದು? ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡಬೇಕು? ಓನರ್‌ಗಿಂತ ಪಕ್ಕದ ಮನೆಯವರನ್ನು ಕೇಳುವುದು ಒಳ್ಳೆಯದು. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿ, ಮಗುವಿನ ಬಟ್ಟೆ ಒಗೆಯಲೂ ನೀರಿರಲಿಲ್ಲ. ತುಂಬಾ ಕಷ್ಟಪಟ್ಟೆವು.

ಸಂಜೆ ಹೊತ್ತು ಆ ಬೀದಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಮಕ್ಕಳು ಹೊರಗೆ ಆಡುತ್ತಿದ್ದರೆ ಧೈರ್ಯ ಬರುತ್ತದೆ, ಅಲ್ವಾ?

ಅಡ್ವಾನ್ಸ್ 10 ತಿಂಗಳದ್ದು ಕೇಳಿದರೆ ಚೌಕಾಸಿ ಮಾಡಿ. ಮನೆ ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು 11 ತಿಂಗಳ ಕರಾರಿನಲ್ಲೇ ಬರೆಸಿ.